ಇಟ್ಟೆ ಅಂದವರಿಗೆ ಕಂಡೆ ಅನ್ನಬೇಕು

ಅಂಗಡಿಯಲ್ಲಿದ್ದ ಚಾಕುಗಳಲ್ಲೆಲ್ಲ ದೊಡ್ಡದನ್ನೇ ಬೆರಳು ಮಾಡಿ ತೋರಿಸಿ, "ಅದು ಕೊಡಿ" ಎಂದಳು ಗರಗಸಕ್ಕ.

ಅಂಗಡಿಯವನು ಮೇಲಿನ ಗೂಟಕ್ಕೆ ನೇತುಹಾಕಿದ್ದ ಆ ಚಾಕುವನ್ನು ನೋಡಿದ. ಆಮೇಲೆ ಅವಳನ್ನು ನೋಡಿದ. ಕೊನೆಗೆ ಅವಳ ಮೊಣಕೈ ಎತ್ತರಕ್ಕೆ ನಿಂತಿದ್ದ ಹುಡುಗಿಯನ್ನು ನೋಡಿದ.

"ಯಾರಿಗಮ್ಮಾ?"

"ಇವಳಿಗೆ. ಸ್ಕೌಟು ಕ್ಯಾಂಪಿಗೆ ಹೋಗ್ತಾಳೆ."

"ಇವಳನ್ನ ಬೇಕಾದ್ರೆ ಆ ಚಾಕುವಿನ ಒರೆಯೊಳಗೆ ಇಳಿಸಬಹುದು. ಇವಳ ಸೊಂಟಕ್ಕೆ ಆ ಚಾಕು ಕಟ್ಟಿದ್ರೆ ನೆಲ ಗುಡಿಸುತ್ತೆ ನೋಡಿ."

ಹುಡುಗಿ ಕಿಸಕ್ಕನೆ ನಕ್ಕಳು. ಹನ್ನೆರಡು ತುಂಬಿದ್ದರೂ ಒಂಬತ್ತರವಳಂತೆ ಕಾಣುತ್ತಿದ್ದ ಅವಳನ್ನು ಬೀದಿಯವರೆಲ್ಲ ಸೀಗಡಿ ಎಂದೇ ಕರೆಯುತ್ತಿದ್ದರು. ಶಾಲೆಯಲ್ಲಿ ಹಾಜರಿ ಕೂಗುವಾಗ ಮಾತ್ರ ಅವಳಿಗೆ ಬೇರೆ ಹೆಸರು. ತಾಯಿಗೂ ಅಷ್ಟೆ. ಮೀನು ಕೊಯ್ಯುವ ಶೆಡ್ಡಿನಲ್ಲಿ ಎಷ್ಟೋ ವರ್ಷಗಳ ಹಿಂದೆ ಅವಳ ನಾಲಿಗೆಗೆ ಬಿದ್ದ ಹೆಸರು ಗರಗಸ. ವಯಸ್ಸಾದಂತೆ ಅದಕ್ಕೊಂದು ಅಕ್ಕ ಸೇರಿಕೊಂಡಿತ್ತು.

"ನಗಬೇಡ" ಎಂದು ಮಗಳ ತಲೆಗೊಂದು ಮೊಟಕಿ, ಗರಗಸಕ್ಕ ಅಂಗಡಿಯವನ ಕಡೆ ತಿರುಗಿದಳು. "ದುಡ್ಡು ನಂದು, ಮಗಳು ನಂದು. ನಿಮಗ್ಯಾಕೆ ನೋವು? ನೋಡಿದವರ ಎದೆ ಝಲ್ ಅನ್ನಬೇಕು, ಅಂಥದು ಕೊಡಿ."

ಅವಳಿಗೆ ಯಾರ ಎದೆ ಝಲ್ ಅನ್ನಿಸಬೇಕಿತ್ತು ಎನ್ನುವುದು ಅವಳಿಗೂ ಗೊತ್ತಿತ್ತು, ಮಗಳಿಗೂ ಗೊತ್ತಿತ್ತು.

ಹಿಂದಿನ ಸಂಜೆ ಶಾಲೆಯಲ್ಲಿ ಪೋಷಕರ ಸಭೆಯಿತ್ತು. ಸ್ಕೌಟು ದಳ ನಡೆಸುವ ಮೇಷ್ಟ್ರು ಕೊರಳಲ್ಲಿ ಸದಾ ಸೀಟಿ ಹಾಕಿಕೊಂಡಿರುವ ಮನುಷ್ಯ. ಮಕ್ಕಳ ಬಾಯಲ್ಲಿ ಸೀಟಿ ಮೇಷ್ಟ್ರು. ಅವರು ಕ್ಯಾಂಪಿನ ನಿಯಮಗಳನ್ನೆಲ್ಲ ಹೇಳಿದರು. ಪ್ರತಿ ಗುಂಪಿಗೂ ಒಂದೇ ಚಾಕು. ಅದನ್ನು ಯಾರು ಒಯ್ಯಬೇಕೆಂದು ಗುಂಪಿನ ಮಕ್ಕಳೇ ಆರಿಸಬೇಕು. ಡೇರೆಯ ಹಗ್ಗ ಕತ್ತರಿಸುವುದು, ಒಲೆಗೆ ಪುಳ್ಳೆ ಸೀಳುವುದು, ತರಕಾರಿ ಹೆಚ್ಚುವುದು ಎಲ್ಲಾ ಅವರ ಕೆಲಸ. ಸೀಗಡಿಯ ಗುಂಪಿನವರು ಎರಡನೆಯ ಮಾತಿಲ್ಲದೆ ಸೀಗಡಿಯನ್ನು ಆರಿಸಿದ್ದರು.

"ಮಕ್ಕಳು ಆರಿಸಿದ್ದು ಸರಿ" ಎಂದಿದ್ದರು ಮೇಷ್ಟ್ರು, ಗರಗಸಕ್ಕನನ್ನು ಪಕ್ಕಕ್ಕೆ ಕರೆದು. ದನಿ ತಗ್ಗಿಸಿದ್ದರೂ ಪಕ್ಕದವರಿಗೆಲ್ಲ ಕೇಳಿಸುವಷ್ಟೇ ತಗ್ಗಿಸಿದ್ದರು. "ಆದ್ರೆ ನೋಡಿ, ನಿಮ್ಮ ಬೀದಿ ಮಕ್ಕಳ ಕೈಗೆ ಚಾಕು ಅಂದ್ರೆ ಬೇರೆ ತಂದೆತಾಯಿಗಳು ಏನಂದ್ಕೋತಾರೆ? ಹೋದ ವರ್ಷದ ಗಲಾಟೆ ಇನ್ನೂ ಯಾರೂ ಮರೆತಿಲ್ಲ. ಇವಳು ಒಂದು ಸೌಟು ತರಲಿ. ಅಡುಗೆಗೂ ಸಹಾಯ ಆಗುತ್ತೆ."

"ಸೌಟಲ್ಲಿ ಹಗ್ಗ ಹೆಂಗೆ ಕೊಯ್ತಾರೆ ಸಾರ್? ನೀವೊಂದ್ಸಲ ತೋರಿಸಿಕೊಡಿ, ನಾವೂ ಕಲೀತೀವಿ."

ಯಾರೋ ನಕ್ಕರು. ಮೇಷ್ಟ್ರ ಕಿವಿ ಕೆಂಪಾಯಿತು. "ಆಯ್ತು, ತರಲಿ. ಹೊರಡೋ ದಿನ ಬಸ್ಸಿನ ಹತ್ರ ನಾನೇ ಪರೀಕ್ಷೆ ಮಾಡ್ತೀನಿ. ಚಾಕುವನ್ನೂ ನೋಡ್ತೀನಿ, ಅದನ್ನ ಹಿಡಿದ ಕೈಯನ್ನೂ ನೋಡ್ತೀನಿ. ಎರಡರಲ್ಲಿ ಒಂದು ಸರಿ ಇಲ್ಲಾಂದ್ರೂ ಚಾಕು ನಿಮ್ಮ ಜೊತೆ ವಾಪಸ್ ಮನೆಗೆ."

ಹೋದ ವರ್ಷದ ಗಲಾಟೆ! ಊರಿನ ಬಾಯಲ್ಲಿ ಅದರ ಹೆಸರು ಹಾಗೆ. ಶೆಡ್ಡಿನ ಹೆಂಗಸರ ಬಾಯಲ್ಲಿ ಅದರ ಹೆಸರು ಮುಷ್ಕರ. ಕೇಳಿದ್ದಾದರೂ ಏನು? ಕೈಗೆ ಗವಸು. ಉಪ್ಪುನೀರಿನಲ್ಲಿ ನೆಂದು ನೆಂದು ಬೆರಳ ಸಂದು ಬಿರಿದಿದ್ದ ಹೆಂಗಸರು ಒಂದು ಬೆಳಿಗ್ಗೆ ತಮ್ಮ ತಮ್ಮ ಚಾಕುಗಳನ್ನು ಮರದ ಹಲಗೆಗಳ ಮೇಲೆ ಸಾಲಾಗಿ ಮಲಗಿಸಿ, ಬರಿಗೈಯಲ್ಲಿ ಬೀದಿಗೆ ಬಂದು ಕೂತಿದ್ದರು. ಮರುದಿನದ ಪತ್ರಿಕೆಯಲ್ಲಿ ಬಂದದ್ದು ಬೇರೆ: ಚಾಕು ಹಿಡಿದು ಬೀದಿಗಿಳಿದ ಹೆಂಗಸರು. ಅಂದಿನಿಂದ ಅವರಿದ್ದ ಬೀದಿ ಚಾಕು ಬೀದಿ. ಊರು ಹಾಗೆಯೇ. ತನ್ನ ತಟ್ಟೆಗೆ ಬಂದ ಮೀನನ್ನು ಕೊಯ್ದವರು ಯಾರೆಂದು ಅದು ಕೇಳುವುದಿಲ್ಲ. ಕೊಯ್ದ ಕೈಯಲ್ಲಿ ಚಾಕು ಇತ್ತೆಂದು ಕೇಳಿದ ಕೂಡಲೇ ಬೆಚ್ಚಿಬೀಳುತ್ತದೆ.

ಅದಕ್ಕೇ ಗರಗಸಕ್ಕನಿಗೆ ದೊಡ್ಡ ಚಾಕು ಬೇಕಿತ್ತು. ನೀವು ಹೆದರುವುದೇ ಆದರೆ ಚೆನ್ನಾಗಿ ಹೆದರಿ, ಎಂಬುದು ಅವಳ ಲೆಕ್ಕ.

ಅಂಗಡಿಯವನು ಜಾಣ. ದೊಡ್ಡದನ್ನು ಇಳಿಸುವ ನೆವದಲ್ಲಿ ಏಣಿ ಹುಡುಕುತ್ತಾ, ಗಲ್ಲೆಯ ಮುಂದಿನ ರಬ್ಬರು ಹಾಸಿನ ಮೇಲೆ ಬೇರೆ ನಾಲ್ಕನ್ನು ಹರಡಿದ್ದ. "ಅದು ಇಳಿಯೋವರೆಗೂ ಇವನ್ನ ನೋಡ್ತಾ ಇರಿ. ನೋಡೋಕೇನೂ ದುಡ್ಡಿಲ್ಲ."

ಮೊದಲನೆಯದು ಕೆಂಪು ಬಣ್ಣದ್ದು. ಇಟ್ಟಿಗೆಯಷ್ಟು ದಪ್ಪ. ಅದರೊಳಗಿಂದ ಕತ್ತರಿ, ಸ್ಕ್ರೂಡ್ರೈವರು, ಅರ, ಬಾಟಲಿ ಬಿಚ್ಚುವ ಕೊಕ್ಕೆ, ಭೂತಗನ್ನಡಿ ಒಂದರ ಹಿಂದೊಂದು ಹೊರಬಂದವು. "ಹಲ್ಲುಕಡ್ಡೀನೂ ಇದೆ" ಎಂದ ಅಂಗಡಿಯವನು ಹೆಮ್ಮೆಯಿಂದ.

"ಮನೆ ಅಂತ ಬಾಡಿಗೆಗೆ ಕೊಡಬಹುದು ಇದನ್ನ" ಎಂದಳು ಗರಗಸಕ್ಕ. "ಇದರಲ್ಲಿ ಚಾಕು ಎಲ್ಲಿದೆ?"

ಚಾಕು ಎಲ್ಲೋ ಮೂಲೆಯಲ್ಲಿತ್ತು. ಸೀಗಡಿ ಉಗುರು ಸಿಕ್ಕಿಸಿ ಎಳೆದಳು, ಬರಲಿಲ್ಲ. ಉಗುರು ಬಂತು.

ಎರಡನೆಯದು ಮಡಚದ ಚಾಕು. ಬೆನ್ನಿನ ಮೇಲೆ ಗರಗಸದ ಹಲ್ಲು, ಹಿಡಿಯ ಮೇಲೆ ಬಾಯಿ ತೆರೆದ ತೋಳದ ಚಿತ್ರ. ಗರಗಸಕ್ಕನ ಕಣ್ಣು ಅದರ ಮೇಲೆ ಒಂದು ಗಳಿಗೆ ನಿಂತಿತು. ಬೆರಳ ಉಗುರಿನ ಮೇಲೆ ಅಲಗನ್ನು ಮೆಲ್ಲಗೆ ಎಳೆದಳು. ಜಾರಿತು. "ತೋಳಕ್ಕೆ ಬೊಚ್ಚುಬಾಯಿ" ಎಂದು ಪಕ್ಕಕ್ಕೆ ತಳ್ಳಿದಳು.

ಮೂರನೆಯದು ತೆಳ್ಳಗೆ, ಚಂದಕ್ಕೆ ಇತ್ತು. ಮಡಚುವಂಥದು. ಗರಗಸಕ್ಕ ಅದನ್ನು ಬಿಚ್ಚಿ, ಅಲಗಿನ ಬೆನ್ನನ್ನು ಗಲ್ಲೆಯ ಅಂಚಿಗೆ ಒತ್ತಿದಳು. ಟಪ್ಪೆಂದು ಮಡಚಿಕೊಂಡಿತು. "ಇದು ಬೆರಳು ತಿನ್ನೋ ಜಾತಿ. ಮಗುವಿನ ಕೈಗೆ ಕೊಡ್ತೀರಾ ಇದನ್ನ?"

"ಮಗು ಅನ್ನೋದು ನಿಮಗೀಗ ನೆನಪಾಯ್ತು" ಎಂದ ಅಂಗಡಿಯವನು. "ಆಗ ಎದೆ ಝಲ್ ಅನ್ನಬೇಕು ಅಂದ್ರಿ."

ಅಷ್ಟರಲ್ಲಿ ಸೀಗಡಿ ನಾಲ್ಕನೆಯದನ್ನು ಎತ್ತಿಕೊಂಡಿದ್ದಳು. ಸಾದಾ ಮರದ ಹಿಡಿ, ಒಂದೇ ಅಲಗು. ಅಲಗಿನ ಉದ್ದ ಹೆಚ್ಚೆಂದರೆ ಅವಳ ಅಂಗೈ ಅಗಲದಷ್ಟು. ಹಿಡಿಯ ಕತ್ತಿನಲ್ಲೊಂದು ಉಕ್ಕಿನ ಬಳೆ. ಅಲಗು ಬಿಚ್ಚಿ ಬಳೆ ತಿರುಗಿಸಿದರೆ ಬೀಗ ಹಾಕಿದ ಹಾಗೆ. ಹುಡುಗಿ ಒಬ್ಬಳೇ ಬಿಚ್ಚಿದಳು, ತಿರುಗಿಸಿದಳು, ಅಮ್ಮ ಮಾಡಿದಂತೆಯೇ ಬೆನ್ನನ್ನು ಗಲ್ಲೆಗೆ ಒತ್ತಿದಳು. ಅಲಗು ಅಲ್ಲಾಡಲಿಲ್ಲ. ಬಳೆ ತಿರುಗಿಸಿ ಒಬ್ಬಳೇ ಮಡಚಿದಳು. ಕಣ್ಣುಮುಚ್ಚಿ ಮತ್ತೊಮ್ಮೆ ಹಿಡಿದು ನೋಡಿದಳು.

"ಅಮ್ಮಾ, ಇದು ನನ್ನ ಕೈಗೆ ಗೊತ್ತಾಗುತ್ತೆ."

"ಇದಾ? ಇದನ್ನ ನೋಡಿ ಸೀಟಿ ಮೇಷ್ಟ್ರು ನಗ್ತಾರೆ ಅಷ್ಟೆ."

"ನಗಲಿ ಬಿಡು. ಚಾಕು ತಗೋತಿರೋದು ಮೇಷ್ಟ್ರಿಗೆ ತೋರ್ಸೋಕಾ, ಹಗ್ಗ ಕೊಯ್ಯೋಕಾ?"

"ಎರಡಕ್ಕೂ."

"ದೊಡ್ಡದು ತಗೊಂಡು ಹೋದ್ರೆ 'ನೋಡಿ, ನಾನು ಹೇಳಿರ್ಲಿಲ್ವಾ' ಅಂತಾರೆ. ಅವ್ರಿಗೆ ಅದೇ ಬೇಕಾಗಿರೋದು. ನಾನ್ಯಾಕೆ ಕೊಡ್ಲಿ?"

ಗರಗಸಕ್ಕ ಮಗಳ ಮುಖವನ್ನೇ ನೋಡಿದಳು. ಈ ಹುಡುಗಿ ಇಷ್ಟು ಹಟವನ್ನು ಯಾರಿಂದ ಕಲಿತಳೆಂದು ಕೇಳುವ ಹಾಗಿರಲಿಲ್ಲ. ಚಾಕುವನ್ನು ತೆಗೆದುಕೊಂಡು ಉಗುರಿನ ಮೇಲೆ ಎಳೆದಳು. ಅಲಗು ಕಚ್ಚಿ ನಿಂತಿತು. "ಉಕ್ಕು ಒಳ್ಳೇದು. ಆದ್ರೆ ತುಕ್ಕು ಹಿಡಿಯೋ ಉಕ್ಕು. ದಿನಾ ಒರೆಸಿ ಎಣ್ಣೆ ಹಚ್ತೀಯಾ?"

"ಹಚ್ತೀನಿ."

ಅಂಗಡಿಯವನು ಏಣಿಯನ್ನು ಸದ್ದಿಲ್ಲದೆ ಮತ್ತೆ ಗೋಡೆಗೆ ಒರಗಿಸಿಬಿಟ್ಟ.

ಮನೆಯಲ್ಲಿ ಚಾಕುವಿನ ಪರೀಕ್ಷೆ ಇನ್ನೊಮ್ಮೆ ಆಯಿತು. ಗರಗಸಕ್ಕನ ಗಂಡ ಐಸ್ ಲಾರಿ ಓಡಿಸುವವನು. ವಾರದಲ್ಲಿ ಹೆಚ್ಚು ದಿನ ರಸ್ತೆಯ ಮೇಲೆಯೇ. ಮನೆಯಲ್ಲಿ ಇದ್ದ ಹಿರಿಯರೆಂದರೆ ಅತ್ತೆ, ಅಂದರೆ ಸೀಗಡಿಯ ಅಜ್ಜಿ. ಶೆಡ್ಡಿನಲ್ಲಿ ತಲೆ ನರೆಯುವವರೆಗೂ ಮೀನು ಕೊಯ್ದವಳು. ಅವಳ ಬಲಗೈಯ ಎರಡು ಬೆರಳು ಮಡಚುತ್ತಿರಲಿಲ್ಲ. ಯಾವಾಗ ನೋಡಿದರೂ ಎಲ್ಲಿಗೋ ದಾರಿ ತೋರಿಸುತ್ತಿರುವಂತೆ ನೆಟ್ಟಗೆ ನಿಂತಿರುತ್ತಿದ್ದವು.

ಅಜ್ಜಿ ಚಾಕುವಿನ ಹಿಡಿಗೆ ಒಂದು ಕೆಂಪು ದಾರ ಕಟ್ಟಿದಳು. "ಹುಲ್ಲಲ್ಲಿ ಬಿದ್ರೆ ಕಾಣಬೇಕು. ಈಗ ಹೇಳು. ಕೂತು ಕೊಯ್ಬೇಕೋ, ನಿಂತೋ?"

"ಕೂತು."

"ಅಲಗು ಯಾವ ಕಡೆ?"

"ನನ್ನಿಂದ ಆಚೆ."

"ಕೈ ಚಾಚಿದ್ರೆ ಯಾರಿಗಾದ್ರೂ ತಗಲಿದ್ರೆ?"

"ಅವರು ಸರಿಯೋವರೆಗೂ ಬಿಚ್ಚಬಾರ್ದು."

"ಇನ್ನೊಬ್ಬರು ಕೇಳಿದ್ರೆ?"

ಸೀಗಡಿ ಚಾಕುವನ್ನು ನೆಲದ ಮೇಲೆ ಮಲಗಿಸಿದಳು. ಹಿಡಿ ಅಜ್ಜಿಯ ಕಡೆಗೆ, ಅಲಗಿನ ಬಾಯಿ ಗೋಡೆಯ ಕಡೆಗೆ. ಅದರ ಮೇಲೆ ನೆಟ್ಟ ಕಣ್ಣು ತೆಗೆಯದೆ, "ಇಟ್ಟೆ" ಎಂದಳು.

"ಕಂಡೆ" ಎಂದಳು ಅಜ್ಜಿ. ಆಮೇಲೆ ಎತ್ತಿಕೊಂಡಳು.

ಇದು ಶೆಡ್ಡಿನ ರೀತಿ. ಯಜಮಾನರು ಮಾಡಿದ್ದಲ್ಲ, ಹೆಂಗಸರೇ ಮಾಡಿಕೊಂಡದ್ದು. ಅಜ್ಜಿಯ ಪ್ರಾಯದಲ್ಲಿ ಚಾಕುಗಳು ಕೈಯಿಂದ ಕೈಗೆ ಹೋಗುತ್ತಿದ್ದವು. ಮೀನಿನ ಲೋಳೆ ಮೆತ್ತಿದ ಕೈಗಳು. ಒಂದು ದಿನ ಪಕ್ಕದವಳು ಹಿಡಿದಳೆಂದು ಇವಳು ಬಿಟ್ಟಳು, ಇವಳು ಬಿಟ್ಟಿಲ್ಲವೆಂದು ಅವಳು ಎಳೆದಳು. ಅಜ್ಜಿಯ ಎರಡು ಬೆರಳುಗಳ ನರ ಹೋಯಿತು. ಅಂದಿನಿಂದ ಹೆಂಗಸರು ಚಾಕುವನ್ನು ಕೈಗೆ ಕೊಡುವುದನ್ನೇ ಬಿಟ್ಟರು. ಹಲಗೆಯ ಮೇಲೆ ಇಟ್ಟು ಇಟ್ಟೆ ಅನ್ನಬೇಕು. ಕಂಡೆ ಅನ್ನುವವರೆಗೂ ಅದು ಇಟ್ಟವಳ ಜವಾಬ್ದಾರಿ. ಅವಳು ಕಣ್ಣು ಕದಲಿಸಬಾರದು. ಕಂಡೆ ಅಂದಮೇಲೆ ಎತ್ತಿಕೊಂಡವಳ ಜವಾಬ್ದಾರಿ.

"ಶೆಡ್ಡಲ್ಲಿ ಈಗಲೂ ಹೀಗೇನಾ ಅಮ್ಮಾ?" ಎಂದು ಸೀಗಡಿ ಕೇಳಿದಳು.

ಗರಗಸಕ್ಕ ಚೀಲಕ್ಕೆ ಮಗಳ ಕಾಲುಚೀಲ ತುಂಬುತ್ತಿದ್ದಳು. "ಹೂಂ" ಎಂದಳು, ತಲೆಯೆತ್ತದೆ.

ಸುಳ್ಳು. ಮುಷ್ಕರ ಮುಗಿದು ಒಳಗೆ ಹೋದಾಗ ಗವಸು ಸಿಕ್ಕಿತ್ತು, ನಿಜ. ಈರುಳ್ಳಿ ಸಿಪ್ಪೆಯಂಥ ಗವಸು, ಮಧ್ಯಾಹ್ನದೊಳಗೆ ಹರಿಯುತ್ತಿತ್ತು. ಗವಸಿನ ಜೊತೆಗೆ ಓಡುವ ಬೆಲ್ಟೂ ಬಂದಿತ್ತು. ಮೀನು ಬೆಲ್ಟಿನ ಮೇಲೆ ಬಂದು ಹೋಗುತ್ತಲೇ ಇರುತ್ತದೆ, ಯಾರಿಗೂ ಕಾಯುವುದಿಲ್ಲ. ಮೊಂಡಾದ ಚಾಕು ಸಾಲಿನ ತುದಿಯ ಸಾಣೆಕಲ್ಲಿಗೆ ಹೋಗಬೇಕು, ಹರಿತವಾದದ್ದು ಅಲ್ಲಿಂದ ಬರಬೇಕು. "ಇಟ್ಟೆ ಕಂಡೆ ಅಂತ ಆಟ ಆಡೋಕೆ ಟೈಮಿಲ್ಲ. ಕೈಗೆ ಕೈ ಕೊಡಿ" ಎಂದಿದ್ದ ಹೊಸ ಸೂಪರ್‌ವೈಸರ್. ಅವಳೇನಾದರೂ ಹೇಳುತ್ತಾಳೆಂದು ಎಲ್ಲರೂ ಗರಗಸಕ್ಕನ ಕಡೆ ನೋಡಿದ್ದರು. ಗರಗಸಕ್ಕ ಪಕ್ಕದವಳ ಕೈಗೆ ಚಾಕು ಕೊಟ್ಟಿದ್ದಳು. ಮುಷ್ಕರದಲ್ಲಿ ಬರಿದಾದ ಅಕ್ಕಿಬೇಳೆಯ ಡಬ್ಬಿಗಳು ಇನ್ನೂ ತುಂಬಿರಲಿಲ್ಲ. ಇನ್ನೊಂದು ಜಗಳಕ್ಕೆ ಅವಳಲ್ಲಿ ಕಸುವಿರಲಿಲ್ಲ. ಅಂದಿನಿಂದ ಅವಳು ದಿನವೂ ಕೊಡುತ್ತಿದ್ದಳು. ಮನೆಯಲ್ಲಿ ಮಾತ್ರ ಆ ಮಾತು ಬಾಯಿಗೆ ಬರುತ್ತಿರಲಿಲ್ಲ. ಅತ್ತೆಯ ಆ ಎರಡು ಬೆರಳ ಮುಂದೆ ಹೇಗೆ ಬಂದೀತು?

ಹೊರಡುವ ದಿನ ಬೆಳಿಗ್ಗೆ ಶಾಲೆಯ ಮುಂದೆ ಬಸ್ಸು ಗುರುಗುಟ್ಟುತ್ತಾ ನಿಂತಿತ್ತು. ಚೀಲ, ಡೇರೆ, ಪಾತ್ರೆಗಳೆಲ್ಲ ಬಸ್ಸಿನ ತಲೆಗೇರಿದ್ದವು. ಅರ್ಧ ಮಕ್ಕಳು ಆಗಲೇ ಕಿಟಕಿಗಳಲ್ಲಿದ್ದರು. ಚಾಕು ಒಯ್ಯುವ ಮಕ್ಕಳು ಮಾತ್ರ ಬಾಗಿಲ ಬಳಿ ಸಾಲು ನಿಂತಿದ್ದರು. ಸೀಟಿ ಮೇಷ್ಟ್ರು ಕೈ ಚಾಚುವುದು, ಮಗು ಚಾಕು ಬಿಚ್ಚಿ ಹಿಡಿಯನ್ನು ಮುಂದೆ ಮಾಡಿ ಅವರ ಕೈಗೆ ಕೊಡುವುದು, ಅವರು ಥ್ಯಾಂಕ್ಸ್ ಎನ್ನುವುದು, ನೋಡಿ ವಾಪಸು ಕೊಡುವುದು. ಅದು ದಳದ ಪದ್ಧತಿ.

ವಕೀಲರೊಬ್ಬರ ಮಗನ ಸರದಿ ಬಂತು. ಹುಡುಗ ಸೊಂಟದಿಂದ ಎಳೆದದ್ದು ಅದೇ ಬಾಯಿ ತೆರೆದ ತೋಳ. ಗರಗಸಕ್ಕ ದೂರದಿಂದಲೇ ಗುರುತು ಹಿಡಿದಳು. "ಭಲೇ" ಎಂದು ಮೇಷ್ಟ್ರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಹುಡುಗನ ಬೆನ್ನು ತಟ್ಟಿ ಹತ್ತಿಸಿದರು. ತೋಳದ ಚಾಕು ಕಂಡು ಯಾವ ತಂದೆತಾಯಿಯೂ ಬೆಚ್ಚಲಿಲ್ಲ.

"ಹೂಂ, ನೀನು" ಎಂದರು ಸೀಗಡಿಗೆ. ಕೈ ಚಾಚಿದರು. "ಬಿಚ್ಚು. ಕೊಡು."

ಸೀಗಡಿ ಚಾಕು ಬಿಚ್ಚಿದಳು. ಬಳೆ ತಿರುಗಿಸಿ ಬೀಗ ಹಾಕಿದಳು. ಬಗ್ಗಿ, ಬಸ್ಸಿನ ಕೆಳಗಿನ ಮೆಟ್ಟಿಲ ಮೇಲೆ ಅದನ್ನು ಮಲಗಿಸಿದಳು. ಹಿಡಿ ಮೇಷ್ಟ್ರ ಕಡೆ, ಅಲಗಿನ ಬಾಯಿ ಬಸ್ಸಿನ ಒಳಗೆ. ಒಂದು ಹೆಜ್ಜೆ ಹಿಂದೆ ಸರಿದು ನಿಂತಳು.

"ಇಟ್ಟೆ."

ಮೇಷ್ಟ್ರ ಕೈ ಗಾಳಿಯಲ್ಲೇ ಇತ್ತು. "ಏನಿದು? ಕೈಗೆ ಕೊಡು."

"ಕಂಡೆ ಅಂದು ಎತ್ಕೊಳ್ಳಿ ಸಾರ್."

"ನಾನು ಬಗ್ಗಿ ಎತ್ಕೋಬೇಕಾ? ಇದೇನಾ ಮನೇಲಿ ಕಲಿಸಿದ್ದು?"

"ಹೌದು ಸಾರ್. ಮನೇಲೇ ಕಲಿಸಿದ್ದು. ಬಿಚ್ಚಿದ ಚಾಕುನ ನಾವು ಯಾರ ಕೈಗೂ ಕೊಡಲ್ಲ. ನಮ್ಮಜ್ಜಿ ಬೆರಳು ಹೋಗಿದ್ದು ಹಂಗೇ."

ಗುಸುಗುಸು ಎದ್ದಿತು. ಚೀಲ ಹತ್ತಿಸಲು ಬಂದಿದ್ದ ತಂದೆತಾಯಿಗಳು ಬಾಗಿಲ ಕಡೆ ಕತ್ತು ಉದ್ದ ಮಾಡಿದರು. ಮೇಷ್ಟ್ರು ಅವರನ್ನೊಮ್ಮೆ ನೋಡಿ ದನಿ ಏರಿಸಿದರು. "ಕೈಗೆ ಕೊಟ್ರೆ ಪಾಸು. ಇಲ್ಲಾಂದ್ರೆ ಚಾಕು ನಿಮ್ಮಮ್ಮನ ಹತ್ರ ಕೊಟ್ಟು ಬಾ. ಎರಡರಲ್ಲಿ ಒಂದು. ಬೇಗ."

ಗರಗಸಕ್ಕನ ಕಾಲು ತಾನಾಗಿ ಮುಂದೆ ಹೋಯಿತು. ನಾಲಿಗೆಯ ತುದಿಯಲ್ಲಿ ಮಾತುಗಳು ಹಲ್ಲು ಮಸೆಯುತ್ತಿದ್ದವು. ಸೀಗಡಿ ಚಾಕುವಿನಿಂದ ಕಣ್ಣು ತೆಗೆಯಲಿಲ್ಲ; ಆದರೂ ಅಮ್ಮನ ಹೆಜ್ಜೆಯ ಸದ್ದು ಅವಳಿಗೆ ಗೊತ್ತಿತ್ತು.

"ಅಮ್ಮಾ, ನೀನು ಬರಬೇಡ."

ಗರಗಸಕ್ಕ ನಿಂತಳು.

"ನಮ್ಮಮ್ಮನ ಶೆಡ್ಡಲ್ಲಿ ಈಗಲೂ ಹೀಗೇ ಸಾರ್" ಎಂದಳು ಸೀಗಡಿ, ಎಲ್ಲರಿಗೂ ಕೇಳಿಸುವಂತೆ. "ಬೇಕಾದ್ರೆ ಕೇಳಿ. ಯಾರೇ ಹೇಳಿದ್ರೂ ನಮ್ಮಮ್ಮ ಕೈಗೆ ಕೊಡಲ್ಲ."

ಅಷ್ಟು ಜನರ ಕಣ್ಣು ಗರಗಸಕ್ಕನ ಕಡೆ ತಿರುಗಿತು. ಊರವರ ಮುಂದೆ ಮೊದಲ ಸಲ ಗರಗಸದ ಹಲ್ಲು ಕಚ್ಚಿಕೊಂಡಿತು. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ನಿಂತಳು.

"ಶೆಡ್ಡಿನವರು ಚಾಕು ಎಲ್ಲಿಡ್ತಾರೆ ಅಂತ ಹೋದ ವರ್ಷ ನೋಡಿದ್ದೀವಲ್ಲ" ಎಂದರು ಗುಂಪಿನಲ್ಲಿ ಯಾರೋ. "ಬೀದೀಲಿ!"

"ಬೀದಿಗೆ ಬರಿಗೈಲಿ ಬಂದಿದ್ರು" ಎಂದಳು ಸೀಗಡಿ. ಅವಳ ಕಣ್ಣು ಮೆಟ್ಟಿಲ ಮೇಲೇ ಇತ್ತು. "ಚಾಕು ಎಲ್ಲಾ ಹಲಗೆ ಮೇಲೆ ಇಟ್ಟು ಬಂದಿದ್ರು. ಇಟ್ವಿ ಅಂತ ಹೇಳಿಯೇ ಬಂದಿದ್ರು. ಕಂಡೆ ಅನ್ನೋಕೆ ಯಾರಿಗೂ ಬಾಯಿ ಬರ್ಲಿಲ್ಲ, ಅಷ್ಟೇ."

ಗುಸುಗುಸು ನಿಂತಿತು.

ಮೇಷ್ಟ್ರು ಬಗ್ಗಿದರು. ಸೀಟಿ ಮೆಟ್ಟಿಲಿಗೆ ತಗುಲಿ ಠಣ್ಣೆಂದಿತು. ಚಾಕುವನ್ನು ಬಾಚಿಕೊಂಡು ಎದ್ದು, "ಸಾಕು ನಾಟಕ. ಹತ್ತು" ಎಂದರು.

ಸೀಗಡಿ ಹತ್ತಲಿಲ್ಲ. ಅವಳ ಕಣ್ಣು ಈಗ ಅವರ ಕೈಯಲ್ಲಿದ್ದ ಚಾಕುವಿನ ಮೇಲಿತ್ತು. "ಕಂಡೆ ಅನ್ನಲಿಲ್ಲ ಸಾರ್."

"ಹತ್ತು ಅಂದೆ!"

"ಕಂಡೆ ಅನ್ನೋವರೆಗೂ ಅದು ನನ್ನ ಜವಾಬ್ದಾರಿ. ಅದನ್ನ ಬಿಟ್ಟು ಹೆಂಗೆ ಹತ್ತಲಿ?"

ಅವಳು ಬಾಗಿಲಿಗೆ ಅಡ್ಡವಾಗಿ ನಿಂತಿದ್ದಳು. ಅವಳ ಹಿಂದೆ ಸಾಲಿನಲ್ಲಿ ಉಳಿದ ಮಕ್ಕಳಿದ್ದರು. ಒಳಗಿದ್ದ ಮಕ್ಕಳು ಕಿಟಕಿಗಳಿಂದ ಸೊಂಟದವರೆಗೂ ಹೊರಗೆ ಬಂದಿದ್ದರು. ಬಸ್ಸಿನ ಡ್ರೈವರು ಒಮ್ಮೆ ಹಾರನ್ ಒತ್ತಿದ. ಇನ್ನೊಮ್ಮೆ ಒತ್ತಿದ. ಕೊನೆಗೆ ಕತ್ತು ಹೊರಹಾಕಿ ಕೂಗಿದ: "ಸಾರ್, ಎರಡಕ್ಷರ ಸಾರ್! ಅಂದುಬಿಡಿ, ಡೀಸೆಲ್ ಉರೀತಾ ಇದೆ!"

ಮಕ್ಕಳೆಲ್ಲ ಗೊಳ್ಳೆಂದರು. ದೊಡ್ಡವರೂ ಬಾಯಿಗೆ ಕೈ ಅಡ್ಡ ಹಿಡಿದರು.

"ಕಂಡೆ!" ಎಂದರು ಮೇಷ್ಟ್ರು. ಹಲ್ಲಿಗೆ ಸಿಕ್ಕಿಕೊಂಡಿದ್ದ ಮುಳ್ಳನ್ನು ಉಗಿದ ಹಾಗೆ.

ಸೀಗಡಿ ಆಗ ಕಣ್ಣು ಮಿಟುಕಿಸಿದಳು.

ಇನ್ನು ತಪ್ಪು ಹುಡುಕುವ ಸರದಿ ಅವರದು. ಅಲಗನ್ನು ಬೆರಳಲ್ಲಿ ಅಳೆದರು. ಬೆನ್ನನ್ನು ಬಸ್ಸಿನ ಬಾಗಿಲಿಗೆ ಒತ್ತಿದರು, ಬೀಗ ಜಗ್ಗಲಿಲ್ಲ. ಜೇಬಿನಿಂದ ಡೇರೆಯ ಹಗ್ಗದ ತುಂಡು ತೆಗೆದು ಕೊಯ್ದರು. ಒಂದೇ ಎಳೆತಕ್ಕೆ ಎರಡಾಯಿತು. ಹಿಡಿಗೆ ಕಟ್ಟಿದ ಕೆಂಪು ದಾರವನ್ನೂ ಎಳೆದು ನೋಡಿದರು, ಅದರಲ್ಲಾದರೂ ಏನಾದರೂ ಸಿಗಬಹುದೇನೋ ಎಂಬಂತೆ.

"ಚಾಕು ಸರಿ ಇದೆ" ಎಂದರು. "ಮಾತು ಜಾಸ್ತಿ."

ಚಾಕು ಮುಂದೆ ಚಾಚಿದರು. ಸೀಗಡಿಯ ಕೈ ಏಳಲಿಲ್ಲ. ಅವಳು ಮೆಟ್ಟಿಲನ್ನು ನೋಡಿದಳು. ಅವರೂ ಮೆಟ್ಟಿಲನ್ನು ನೋಡಿದರು. ಡ್ರೈವರು ಹಾರನ್ ಮೇಲೆ ಕೈಯಿಟ್ಟು ಕಾಯುತ್ತಿದ್ದ. ಮೇಷ್ಟ್ರು ಬಗ್ಗಿ ಚಾಕುವನ್ನು ಮೆಟ್ಟಿಲ ಮೇಲೆ ಇಟ್ಟರು. ಗೌರವದಿಂದಲ್ಲ, ಇನ್ನೊಂದು ಸುತ್ತಿಗೆ ಅವರಲ್ಲಿ ಉಸಿರಿರಲಿಲ್ಲ.

"ಕಂಡೆ" ಎಂದಳು ಸೀಗಡಿ. ಎತ್ತಿದಳು, ಬಳೆ ತಿರುಗಿಸಿ ಮಡಚಿದಳು, ಜೇಬಿಗಿಳಿಸಿದಳು. ಬಸ್ಸು ಹತ್ತಿ ಕಿಟಕಿಯಿಂದ ಅಮ್ಮನನ್ನು ಹುಡುಕಿ, ಇಡೀ ಮುಖ ಹಲ್ಲು ಮಾಡಿಕೊಂಡು ಕೈಬೀಸಿದಳು. ನೋಡಿದೆಯಾ ಅಮ್ಮಾ, ನೀನು ಮಾಡುವ ಹಾಗೆಯೇ ಮಾಡಿದೆ, ಎಂದಿತು ಆ ಕೈ.

ಗರಗಸಕ್ಕನೂ ಕೈಬೀಸಿದಳು. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೂ ಅವಳ ಕೈ ಮೇಲೆಯೇ ಇತ್ತು.

ಅಲ್ಲಿಂದ ಅವಳು ನೇರ ಶೆಡ್ಡಿಗೆ ಹೋದಳು. ದಾರಿಯಲ್ಲಿ ಯಾರೋ ಮಾತಾಡಿಸಿದರು, ಕೇಳಿಸಲಿಲ್ಲ. ರಬ್ಬರು ಬೂಟು ಹಾಕಿದಳು, ಗವಸು ಎಳೆದುಕೊಂಡಳು, ಸಾಲಿನಲ್ಲಿ ತನ್ನ ಹಲಗೆಯ ಮುಂದೆ ನಿಂತಳು. ಬೆಲ್ಟು ಓಡುತ್ತಿತ್ತು. ತಲೆ ಕತ್ತರಿಸು, ಹೊಟ್ಟೆ ಸೀಳು, ಕರುಳು ಎಳೆ, ಮುಂದಕ್ಕೆ ತಳ್ಳು. ಅವಳ ಎಡಕ್ಕೆ ಗುಬ್ಬಿ. ಗುಬ್ಬಿ ಮುಷ್ಕರ ಮುಗಿದ ಮೇಲೆ ಕೆಲಸಕ್ಕೆ ಸೇರಿದ ಹುಡುಗಿ. ಹೊಟ್ಟೆಗೆ ಒಂದು, ಬೆನ್ನಿಗೆ ಒಂದು ಎಂಬಂತೆ ಎರಡು ಏಪ್ರನ್ ಕಟ್ಟಿಕೊಂಡರೂ ಚಳಿಗೆ ನಡುಗುವವಳು. ಚಾಕುವನ್ನು ಹಲಗೆಯ ಮೇಲಿಡುವ ಕಾಲವೊಂದಿತ್ತು ಎನ್ನುವುದೇ ಅವಳಿಗೆ ಗೊತ್ತಿರಲಿಲ್ಲ.

ಗುಬ್ಬಿಯ ಚಾಕು ಮೊಂಡಾಗಿತ್ತು. ಅದು ಕೈಯಿಂದ ಕೈಗೆ ಸಾಲಿನ ತುದಿಯ ಸಾಣೆಕಲ್ಲಿಗೆ ಹೋಯಿತು. ಹರಿತವಾದದ್ದು ಕೈಯಿಂದ ಕೈಗೆ ಬಂತು. ಬಲಗಡೆಯವಳು ಅದನ್ನು ಗರಗಸಕ್ಕನ ಕೈಗೆ ತುರುಕಿದಳು. ಗುಬ್ಬಿ ಬೆಲ್ಟಿನ ಮೇಲಿನ ಮೀನಿನಿಂದ ಕಣ್ಣು ತೆಗೆಯದೆ, ಬಲಗೈಯನ್ನು ಪಕ್ಕಕ್ಕೆ ಚಾಚಿದಳು. ಅವಳ ಗವಸು ಹೆಬ್ಬೆರಳ ಬುಡದಲ್ಲಿ ಹರಿದಿತ್ತು. ಹರಿದಲ್ಲಿ ಚರ್ಮ ಬಿಳಿಚಿಕೊಂಡು, ನೆಂದು, ಮೀನಿನ ಹೊಟ್ಟೆಯ ಹಾಗೇ ಕಾಣುತ್ತಿತ್ತು.

ಗರಗಸಕ್ಕ ಚಾಕುವನ್ನು ಹಲಗೆಯ ಮೇಲೆ ಮಲಗಿಸಿದಳು. ಹಿಡಿ ಗುಬ್ಬಿಯ ಕಡೆ, ಅಲಗಿನ ಬಾಯಿ ಆಚೆ.

"ಇಟ್ಟೆ" ಎಂದಳು.

ಗುಬ್ಬಿಯ ಕೈ ಗಾಳಿಯಲ್ಲಿ ತಡಕಾಡಿತು. "ಎಲ್ಲಕ್ಕಾ? ಕೊಡಿ."

"ಕೊಡಲ್ಲ. ಇಟ್ಟಿದೀನಿ. ತಿರುಗಿ ನೋಡು."

ಬೆಲ್ಟು ಓಡುತ್ತಲೇ ಇತ್ತು. ಗುಬ್ಬಿಯ ಮುಂದೆ ಒಂದು ಮೀನು ಹಾದುಹೋಯಿತು, ಇಡಿಯಾಗಿ. ಇನ್ನೊಂದು ಹೋಯಿತು. ಗರಗಸಕ್ಕನ ಮುಂದೆಯೂ ಮೀನು ಹಾದುಹೋಗುತ್ತಿತ್ತು, ಅವಳು ಮುಟ್ಟಲಿಲ್ಲ. ಅವಳ ಕಣ್ಣು ಚಾಕುವಿನ ಮೇಲೆ ನೆಟ್ಟಿತ್ತು. ಬೆಲ್ಟಿನ ತುದಿಯಲ್ಲಿ ಒಂದು ಮೀನು ಜಾರಿ ನೆಲಕ್ಕೆ ಬಿತ್ತು. ಅದರ ಹಿಂದೆ ಇನ್ನೊಂದು ಪಚಕ್ಕೆಂದಿತು.

"ಏ ಗರಗಸ! ಏನಾಗ್ತಿದೆ ಅಲ್ಲಿ?" ಸೂಪರ್‌ವೈಸರ್ ಮೇಲಿನ ಕಟ್ಟೆಯಿಂದ ಇಳಿದು ಬರುತ್ತಿದ್ದ. "ಚಾಕು ಕೊಡು ಅವಳ ಕೈಗೆ!"

"ಕೈಗೆ ಕೊಡಲ್ಲ."

"ಯಾಕೆ?"

"ನನ್ನ ಮಗಳು ಊರಿಗೆಲ್ಲ ಹೇಳಿ ಹೋಗಿದಾಳೆ, ನಮ್ಮಮ್ಮ ಕೊಡಲ್ಲ ಅಂತ."

"ನಿನ್ನ ಮಗಳಾ ನಿನಗೆ ಸಂಬಳ ಕೊಡೋದು? ಮನೆಗೆ ಹೋಗಬೇಕಾ?"

"ಕಳಿಸಿ. ಹೋಗೋವಾಗ ಕೈಲಿ ಚಾಕು ಇತ್ತು ಅಂತ ಮಾತ್ರ ಯಾರ ಹತ್ರಾನೂ ಹೇಳಬೇಡಿ" ಎಂದಳು ಗರಗಸಕ್ಕ, ತಲೆಯೆತ್ತದೆ. "ಇಲ್ಲೇ ಇಟ್ಟಿದೀನಿ. ನೀವೂ ನೋಡಿ."

ಬಲಗಡೆಯವಳು ಕೆಲಸ ನಿಲ್ಲಿಸಿದ್ದಳು. ಅವಳ ಆಚೆಯವಳೂ ನಿಲ್ಲಿಸಿದಳು. ಅವಳ ಕೈಯಲ್ಲಿದ್ದ ಚಾಕು ಹಲಗೆಯ ಮೇಲೆ ಮಲಗಿದ ಸದ್ದು ಕೇಳಿಸಿತು. ಸಾಲಿನ ತುದಿಯಲ್ಲಿ ಸಾಣೆಕಲ್ಲಿನ ಕಿರಿಕಿರಿ ನಿಂತಿತು. ಅಲ್ಲಿಂದ ಸಾಣೆ ಹಿಡಿಯುವ ಮುದುಕಿಯ ಒಡಕು ದನಿ ಇಡೀ ಶೆಡ್ಡನ್ನು ದಾಟಿ ಬಂತು:

"ಕಂಡೆ ಅನ್ನೇ ಹುಡುಗಿ! ಇಟ್ಟೆ ಅಂದವರಿಗೆ ಕಂಡೆ ಅನ್ನಬೇಕು!"

ಗುಬ್ಬಿ ಸೂಪರ್‌ವೈಸರನ ಕಡೆ ನೋಡಿದಳು. ಹರಿದ ತನ್ನ ಗವಸನ್ನು ನೋಡಿದಳು. ಆಮೇಲೆ ಹಲಗೆಯ ಮೇಲೆ ತನ್ನ ಕಡೆಗೆ ಹಿಡಿ ಮಾಡಿ ಮಲಗಿದ್ದ ಚಾಕುವನ್ನು ನೋಡಿದಳು.

"ಕಂಡೆ" ಎಂದಳು, ಗಂಟಲೊಳಗೇ.

"ಕೇಳಿಸಲಿಲ್ಲ" ಎಂದಳು ಗರಗಸಕ್ಕ. ಕಣ್ಣು ಇನ್ನೂ ಚಾಕುವಿನ ಮೇಲೇ ಇತ್ತು.

"ಕಂಡೆ ಅಕ್ಕಾ!" ಎಂದು ಗುಬ್ಬಿ ಕೂಗಿದಳು.

ಈ ಸಲ ಸೂಪರ್‌ವೈಸರನಿಗೂ ಕೇಳಿಸಿತು.